ಬೆನ್ನು ತಿರುಗಿಸಿ ಕೂತ ಸವಣೂರು

ಸವಣೂರು, ಸಂಜೆ. ಯುದ್ಧ ಶುರುವಾದಾಗಿನಿಂದ ಪೆಟ್ರೋಲಿಲ್ಲ. ಮೋಟಾರು ಬಸ್ಸುಗಳೆಲ್ಲ ಇದ್ದಿಲಿನ ಅನಿಲದ ಮೇಲೆ ಓಡುತ್ತಿವೆ; ನಾನು ಹಾನಗಲ್ಲಿಗೆ ಹೋಗಬೇಕಾದ ಮೋಟಾರಿನ ಇದ್ದಿಲು ಇನ್ನೂ ಹೊತ್ತಿಕೊಂಡಿಲ್ಲ. ಎದುರಿನ ಬಯಲಿನಲ್ಲಿ ಬಂಕಾಪುರದವರ ವಿರುದ್ಧ ಸವಣೂರು ತಂಡದ ಫುಟ್‌ಬಾಲ್ ನಡೆದಿದೆ. ಆದರೆ ಸವಣೂರಿನ ಜನರೆಲ್ಲ ಆಟಕ್ಕೆ ಬೆನ್ನು ತಿರುಗಿಸಿ ಕೂತಿದ್ದಾರೆ!

ಅವರ ನಡುವೆ ಬುಟ್ಟಿಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದ ಮುದುಕರೊಬ್ಬರ ಪಕ್ಕ ಕೂತು ಕೇಳಿದೆ: "ಯಾಕ ಚಾಚಾ, ಆಟ ನೋಡೂದಿಲ್ಲೇನು?"

"ತಂಡ ನಡಸೋ ಮಾಸ್ತರು ತಮ್ಮ ಅಳಿಯನ್ನ ಗೋಲಿಗೆ ನಿಲ್ಲಿಸ್ಯಾರ್ರಿ. ಆಗ್ಲೇ ಮೂರು ಗೋಲು ಬಿಟ್ಟಾನ."

"ಹಂಗಾದ್ರ ಬಾಯಿಬಿಟ್ಟು ಬೈರಿ."

"ನಾಳೆ ಮುಂಜಾನೆ ಮಾಸ್ತರು ಎಲಿಗೆ ನನ್ನ ಕಡೇನ ಬರ್ತಾರ. ಬೈದ ಬಾಯಿಲೆ ಹೆಂಗ ಮಾತಾಡಸ್ಲಿ? ಬೆನ್ನಾದ್ರ ಮತ್ತ ತಿರುಗಿಸಿಕೋಬಹುದು."

ನನಗೆ ಇದು ಸರಿಬರಲಿಲ್ಲ. ನಮ್ಮ ಧಾರವಾಡದಲ್ಲಾಗಿದ್ದರೆ ಚೀರಿ ಗಂಟಲು ಹರಿದುಕೊಳ್ಳುತ್ತಿದ್ದೆವು. ನಮ್ಮವರು ಸೋಲುವಾಗ ಸುಮ್ಮನೆ ಕೂರುವುದು ಎಂಥ ಅಭಿಮಾನ?

ಅಷ್ಟರಲ್ಲಿ ಆಟಗಾರರು ಒಮ್ಮೆಲೇ ಕೂಗಿದರು. ಚಾಚಾನ ಕೈ ಎಲೆಯ ಮೇಲೇ ನಿಂತಿತು.

"ಯಾರು ಹೊಡದ್ರು, ರಾಯರ?"

"ನಿಮ್ಮವರ ಹೊಡದ್ರು!"

ಸಾಲಿನಲ್ಲಿ ಒಬ್ಬರೂ ತಿರುಗಲಿಲ್ಲ. ಹಿಂದೆ ಮೋಟಾರು ಗುರುಗುಟ್ಟತೊಡಗಿತ್ತು. ನಾನು ಏಳುವಾಗ ಚಾಚಾ ನನ್ನ ಅಂಗಿಯ ತುದಿ ಹಿಡಿದರು. ಕಣ್ಣು ಬುಟ್ಟಿಯಲ್ಲೇ ಇತ್ತು.

"ಚೆಂದ ಹೊಡದ್ರೇನ್ರಿ?"