ತಮ್ಮ ಕಟ್ಟಿದ ಪದ

ಹಳೇ ಇಟಾಲಿಯನ್ ಕವಿತೆಗಳಲ್ಲಿ ಎಷ್ಟಕ್ಕೋ ಬರೆದವರ ಹೆಸರಿಲ್ಲ. ಪದಬಳಕೆ ಹೋಲಿಸಿ, ಯಾವುದು ಯಾರದೆಂದು ಕಂಪ್ಯೂಟರಿನಲ್ಲಿ ಪತ್ತೆಹಚ್ಚುವುದು ನನ್ನ ಕೆಲಸ. ಪರ್ವರಿಯಿಂದ ಟ್ಯಾಕ್ಸಿಯಲ್ಲಿ ಬರುವಾಗ ಇದನ್ನು ಬಾಯಿಬಿಟ್ಟಿದ್ದೇ ತಪ್ಪಾಯಿತು. ಡ್ರೈವರ್ ದಸ್ತಗೀರ್ ವಿಜಯಪುರ ಕಡೆಯವ, ಈಗ ಸಡಾದಲ್ಲಿ ಮನೆ. ಗಾಡಿಯನ್ನು ಬದಿಗೆ ನಿಲ್ಲಿಸಿಯೇಬಿಟ್ಟ.

"ಅಕ್ಕಾರ, ನನ್ನ ತಮ್ಮ ಮೊಹರಂ ಪದಾ ಕಟ್ಟತಿದ್ದ, ತೀರಕೊಂಡ. ಪದದ ಕೊನಿಗೆ ಕಲಿಸಿದ ಉಸ್ತಾದರ ಹೆಸರ ಹಾಕೋದು ನಮ್ಮ ರಿವಾಜು. ಈಗ ಉಸ್ತಾದರು ಎಲ್ಲಾ ನಾನೇ ಕಟ್ಟಿದ್ದು ಅಂತಾರ. ನೀವ ನೋಡಿ ಹೇಳ್ರಿ."

ತಮ್ಮನ ಪದಗಳನ್ನೂ, ಅವನು ಹುಟ್ಟುವ ಮೊದಲೇ ಉಸ್ತಾದರು ಕಟ್ಟಿದ್ದ ಪದಗಳನ್ನೂ ವಾಟ್ಸಾಪಿನಲ್ಲಿ ಕಳಿಸಿದ. ಹೋಲಿಸಿದೆ. ಎಲ್ಲವೂ ಒಬ್ಬರದೇ ಎಂದು ಬಂತು.

ಮುಂದಿನ ಸಲ ಅವನ ಗಾಡಿಯಲ್ಲೇ ಕೂತು ಹೇಳಿದೆ. ಮಾಂಡೋವಿ ಸೇತುವೆ ಮೇಲೆ ಗಾಡಿ ನಿಧಾನ ಮಾಡಿ ಕೇಳಿದ.

"ಉಸ್ತಾದರ ಹಂಗ ಬರೀಬೇಕಂತ ಭಾಳ ಜೀವಾ ತೇಯ್ದಾನ್ರಿ. ಖರೇನ ಕಲ್ತಿದ್ದ, ಅಲ್ಲೇನ್ರಿ?"

"ಹೌದ್ರಿ," ಅಂದೆ. "ಚಲೋ ಕಲ್ತಿದ್ದ."

ಇಟಾಲಿಯನ್ ಶಿಷ್ಯರೂ ಹೀಗೇ ಗುರುವಿನೊಳಗೆ ಕರಗಿಹೋಗಿರಬೇಕು. ಅಂಥ ಕಡೆ ‘ಗುರುವಿನದು’ ಎಂದು ಬರೆದು ಊಟಕ್ಕೆ ಏಳುತ್ತೇನೆ. ಅವರದೊಂದು ಅನುಕೂಲವಿದೆ: ಬಂದು ಕೇಳಲು ಅವರ ಅಣ್ಣಂದಿರು ಯಾರೂ ಈಗ ಬದುಕಿಲ್ಲ.