ಬೀಗರ ಅಂಗಡಿಯ ಟೈರು

ನಮ್ಮ ಕಡೆ ಬೀಗರ ಅಂಗಡಿ ಇದೆ ಎಂದರೆ ಮುಗಿಯಿತು, ಬೇರೆ ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ. ಮಾಲು ತಿರುವಿ ನೋಡುವಂತಿಲ್ಲ. ಕೊಟ್ಟಿದ್ದನ್ನು ತೆಗೆದುಕೊಂಡು, ಟೀ ಕುಡಿದು, ಕೈಮುಗಿದು ಬರಬೇಕು. ಸುಡುಗಾಡು ಮರ್ಯಾದೆ!

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಸಣ್ಣ ಕಾರಿನ ನಾಲ್ಕೂ ಟೈರು ಸವೆದು ನುಣ್ಣಗಾಗಿದ್ದವು. ಎಮ್ಮಿಗನೂರಿಗೆ ಕೊಟ್ಟ ಮಗಳು ಏಳು ತಿಂಗಳ ಬಸುರಿ. ಟೈರು ಹಾಕಿಸಿದ ಮರುದಿನವೇ ಅವಳನ್ನು ಹೆರಿಗೆಗೆ ನಮ್ಮೂರು ಆದವಾನಿಗೆ ಕರೆತರಬೇಕಿತ್ತು. ಕಾರು ಓಡಿಸುವವಳು ನಾನು. ಹಳ್ಳಿಯ ಶಾಲೆಗೆ ಪಾಠ ಮಾಡಲು ದಿನಾ ಅದರಲ್ಲೇ ಹೋಗಿಬರುತ್ತೇನೆ. ನನ್ನ ಗಂಡನಿಗೆ ಕಾರಿನ ಬಾಗಿಲು ತೆಗೆಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಆದರೂ ಟೈರು ಅಂಗಡಿಯ ಬೀಗರು, ಅಂದರೆ ಮಗಳ ಮಾವನ ತಮ್ಮ, ಮಾತಾಡಿದ್ದೆಲ್ಲ ಗಂಡನ ಜೊತೆಗೇ. ನನಗೆ ನೆರಳಲ್ಲಿ ಒಂದು ಕುರ್ಚಿ ಹಾಕಿಸಿದರು, ಅಷ್ಟೆ.

ನಾಲ್ಕೂ ಟೈರು ಹಾಕಿ, ಪೂಜೆ ಮಾಡಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ನಾನು ಎದ್ದು ಹೋಗಿ ಬಗ್ಗಿ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಶಾಲೆಯ ದಾರಿಯ ಪಂಚರ್ ಅಂಗಡಿಯವನು ತೋರಿಸಿಕೊಟ್ಟಿದ್ದ. ಲೆಕ್ಕ ಹಾಕಿದರೆ ಆರು ವರ್ಷ ಹಳೆಯವು! ನಮ್ಮೂರ ಬಿಸಿಲಲ್ಲಿ ಒಣಗಿ, ಯಾರೂ ಕೊಳ್ಳದೆ ಉಳಿದ ಮಾಲು. ಏನೋ ಎಣ್ಣೆ ಒರೆಸಿ ಮಿಂಚಿಸಿದ್ದರು. ಬೆರಳಲ್ಲಿ ಒತ್ತಿದರೆ ಕೂದಲೆಳೆಯಂಥ ಬಿರುಕು. ನಿಂಬೆಹಣ್ಣು ಮಾತ್ರ ತಾಜಾ ಇದ್ದವು.

"ಇವು ಆರು ವರ್ಷದ ಹಿಂದಿನವು ಅದಾವಲ್ರಿ?" ಎಂದೆ.

"ಏಂ ಕಾದುಲೇ ಅಕ್ಕಾ, ಏನೂ ಆಗಂಗಿಲ್ಲ," ಎಂದರು ಬೀಗರು, ತೆಲುಗು ಬೆರೆಸಿ. "ಇನ್ನಾ ರೋಡಿಗೇ ಇಳಿದಿಲ್ಲ, ಹೊಸಾವ. ನಮ್ಮೋರಿಗೆ ನಾವು ಮೋಸ ಮಾಡ್ತೀವೇನ್ರಿ?"

ಗಂಡ ನನ್ನ ಮೊಣಕೈ ಹಿಡಿದು ಜಗ್ಗಿದರು. "ಸುಮ್ನಿರು ಮಾರಾಯ್ತಿ. ಅವರ ಮನಿಗೆ ಮಗಳನ್ನ ಕೊಟ್ಟೀವಿ."

"ಕೊಟ್ಟೀವಿ, ಅದಕ್ಕ ಕೇಳಾಕ ಹತ್ತೀನಿ!"

ಅಂಗಡಿಯ ಮುಂದೆ ಬೀಗರದೇ ಕಾರು ನಿಂತಿತ್ತು, ನಮ್ಮದರಂಥದ್ದೇ. ಅದರ ಗಾಲಿಯ ಹತ್ತಿರ ಕೂತು ಅಂಕಿ ಓದಿದೆ. ಆ ವರ್ಷವೇ ತಯಾರಾದ ಹೊಸ ಟೈರು. ಮೈಯೆಲ್ಲ ಉರಿದುಹೋಯಿತು.

"ಇವನ್ನ ಬಿಚ್ಚಿ ನನ್ನ ಕಾರಿಗೆ ಹಾಕಿಸ್ರಿ," ಎಂದೆ. "ನಮ್ಮೋರಂತ ತಿಳ್ಕೊಂಡು."

ಬೀಗರು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಅವರ ಮುಖ ಕಪ್ಪಿಟ್ಟಿತು.

ಆ ಟೈರುಗಳನ್ನು ಅಲ್ಲೇ ಬಿಚ್ಚಿಸಿ, ಸವೆದವನ್ನೇ ಮತ್ತೆ ಹಾಕಿಸಿಕೊಂಡು, ರಸ್ತೆಯ ಆಚೆ ಬದಿಯ ಅಂಗಡಿಗೆ ಗಾಡಿ ಒಯ್ದೆ. ಅಲ್ಲಿ ಒಂದೊಂದನ್ನೂ ತಿರುವಿ, ಅಂಕಿ ಓದಿ ಆರಿಸಿದೆ. ಗಂಡ ಬೀಗರ ಅಂಗಡಿಯಲ್ಲೇ ಕೂತು ಟೀ ಕುಡಿಯುತ್ತಿದ್ದರು. ನೋಡಿ ಇನ್ನಷ್ಟು ಸಿಟ್ಟು ಬಂತು.

ಮರುದಿನ ನಾನೊಬ್ಬಳೇ ಎಮ್ಮಿಗನೂರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಬೀಗಿತ್ತಿ ಬಾಗಿಲಲ್ಲಿ ನಿಂತಿದ್ದರೂ ಒಳಗೆ ಬಾ ಎನ್ನಲಿಲ್ಲ. ಮಗಳ ಚೀಲವನ್ನು ಅಳಿಯ ತಂದು ಡಿಕ್ಕಿಯಲ್ಲಿಟ್ಟು ಹಾಗೇ ಒಳಗೆ ಹೋದ. ಊರು ದಾಟಿದ ಮೇಲೆ ಮಗಳು ಹೇಳಿದಳು:

"ಅವ್ವಾ, ಹೆರಿಗಿ ಆದ್ಮ್ಯಾಲ ನಾನು ಆ ಮನಿಗೇ ಹೋಗ್ಬೇಕಲ್ಲಾ. ಒಂದ್ ಮಾತು ನುಂಗ್ಕೊಂಡಿದ್ರ ಏನಾಗ್ತಿತ್ತು?"

ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದೆ.

"ಟೈರು ಸಿಡಿದಿದ್ರ ನಿನಗೇನಾಗ್ತಿತ್ತು ಅಂತ ನಿಮ್ಮತ್ತಿ ಕೇಳಿದಳೇನು?"

ಇಲ್ಲವೆಂದು ತಲೆಯಾಡಿಸಿದಳು.

"ನಿನ್ನ ಗಂಡ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.