ಸಂಡಿಗೆಗೆ ಉಪಗ್ರಹದ ಅಪ್ಪಣೆ

ಹೋದ ಭಾನುವಾರ ನನ್ನ ಸಂಡಿಗೆ ಮಳೆಯಲ್ಲಿ ನೆನೆಯಿತು. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ, ಮೊಬೈಲಿನ ಹವಾಮಾನ ಆ್ಯಪಿನ ಮಾತು ನಂಬಿ ಹಾಕಿದ್ದು. ಅದರಲ್ಲಿ ಮಳೆ ಇಲ್ಲವೆಂದು ತೋರಿಸಿದ್ದ ಪಕ್ಕದ ಮನೆಯಾಕೆ ನಕ್ಕು, ಆ ಆ್ಯಪನ್ನೇ ಡಿಲೀಟ್ ಮಾಡಿ ಬೇರೆಯದು ಹಾಕಿಕೊಂಡಳು. ಮುಗಿಯಿತು ಜಗಳ!

ನನಗೆ ಅಪ್ಪ ನೆನಪಾದರು. ಅವರನ್ನು ಡಿಲೀಟ್ ಮಾಡುವುದು ಅಷ್ಟು ಸುಲಭವಿರಲಿಲ್ಲ.

ಆಗ ನಾವು ಇದೇ ಊರಿನ ಕಾಚಿಗೂಡದ ಒಂದು ವಠಾರದಲ್ಲಿದ್ದೆವು. ಅಪ್ಪನದು ಉಪಗ್ರಹ ಕಳಿಸುವ ಮಾಹಿತಿ ನೋಡುವ ಸರ್ಕಾರಿ ನೌಕರಿ. ಮೋಡದಿಂದ ಬರುವ ಶಾಖವನ್ನು ಉಪಗ್ರಹ ಎರಡು ಬಗೆಯ ಅವಕೆಂಪು ಕಿರಣಗಳಲ್ಲಿ ಅಳೆಯುತ್ತದೆ. ಎರಡರ ನಡುವಿನ ವ್ಯತ್ಯಾಸ ಹಿಡಿದು, ಆ ಮೋಡದಲ್ಲಿರುವುದು ನೀರಹನಿಯೋ ಹಿಮದ ಹರಳೋ ಎಂದು ಇವರು ಹೇಳಬೇಕು. (ವಠಾರದ ಹೆಂಗಸರಿಗೆ ಇಷ್ಟೆಲ್ಲ ಯಾಕೆ? ಇವತ್ತು ಹಪ್ಪಳ ಒಣಗುತ್ತದೋ ಇಲ್ಲವೋ ಹೇಳಿದರೆ ಸಾಕು.)

ಅಕ್ಕನ ಮದುವೆ ಗೊತ್ತಾಗಿತ್ತು. ಬೀಗರ ಮನೆಗೆ ಕಳಿಸುವ ಸಂಡಿಗೆಯಲ್ಲೇ ಅವ್ವನ ಮಾನವೆಲ್ಲ ಇತ್ತು. ಆವತ್ತು ಆಕಾಶದ ತುಂಬ ಬಿಳಿ ಮೋಡ. ಅವ್ವ ಕೆಳಗಿನ ಸೇಠನ ಅಂಗಡಿಯಿಂದ ಅಪ್ಪನ ಆಫೀಸಿಗೆ ಫೋನ್ ಹಚ್ಚಿದಳು. ಮೇಲಿರುವುದು ಬರೀ ಹಿಮದ ಹರಳಿನ ತೆಳು ಮೋಡ, ಮಳೆ ಸುರಿಸುವ ಜಾತಿಯದಲ್ಲ, ಧೈರ್ಯವಾಗಿ ಹಾಕು ಅಂದರು ಅಪ್ಪ. ಇಡೀ ವಠಾರ ಟೆರೇಸ್ ಮೇಲೆ ಸೇರಿ ಹಾಕಿತು. ಮಧ್ಯಾಹ್ನ ಬಂತು ನೋಡಿ ಮಳೆ! ಹಳೆ ಸೀರೆಗಳ ಮೇಲಿದ್ದ ಸಂಡಿಗೆ ಮತ್ತೆ ಗಂಜಿಯಾಯಿತು.

ಸಂಜೆ ಅವ್ವ ರೊಟ್ಟಿ ಬಡಿಯುವ ಸದ್ದೇ ಎಲ್ಲ ಹೇಳುತ್ತಿತ್ತು. ಅಪ್ಪ ತಾಟು ಮುಟ್ಟದೆ ಅಂದರು: “ಮ್ಯಾಲಿನ ಮೋಡ ಖರೇನ ಹಿಮದ್ದಿತ್ತು. ಅದರ ಕೆಳಗ ನೀರಿನ ಮೋಡ ಅಡಗಿತ್ತು. ನನಗ ಕಾಣಲಿಲ್ಲ. ತಪ್ಪು ನಂದ.”

ಆ ಕಾಲದ ಗಂಡಸು, ಅದೂ ಸರ್ಕಾರಿ ಅಧಿಕಾರಿ, ಹೆಂಡತಿಗೆ ಹೀಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮರುದಿನ ರಜೆ ಹಾಕಿ, ಅಪ್ಪ ತಾವೇ ಹಿಟ್ಟು ತಿರುವಿದರು. ವಠಾರದ ಹೆಂಗಸರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಅವರಲ್ಲೊಬ್ಬಾಕೆ, ಈ ಸಲ ಬೇರೆ ಯಾರನ್ನಾದರೂ ಕೇಳು ಎಂದು ಅವ್ವನನ್ನು ಕೆಣಕಿದಳು. ಅವ್ವ ಕೇಳಿಸದವಳಂತೆ ಹಿಟ್ಟಿನ ಪಾತೆಲಿ ಎತ್ತಿಕೊಂಡು, ಎಲ್ಲರೆದುರೇ ಅಪ್ಪನ ಕಡೆ ತಿರುಗಿದಳು.

“ಇವತ್ತ ಹಾಕ್ಲೇನ್ರಿ?”

ಅಪ್ಪನ ಕಣ್ಣು ತುಂಬಿ ಬಂತು. ಹಾಕು ಅಂದರು. ಸಂಜೆಯವರೆಗೂ ಟೆರೇಸ್ ಬಿಟ್ಟು ಇಳಿಯಲಿಲ್ಲ.

ಇಬ್ಬರೂ ಈಗಿಲ್ಲ. ಆ ವಠಾರವೂ ಇಲ್ಲ. ಮೋಡ ಕವಿದಾಗೆಲ್ಲ ಅವರು ಬೇಕು ಅನಿಸುತ್ತದೆ.

ನಿನ್ನೆ ತಪ್ಪು ಹೇಳಿದವರನ್ನೇ ಇವತ್ತು ಮತ್ತೆ ಕೇಳುವಷ್ಟು ನಂಬಿಕೆ, ಹೇಳಿ, ನಮ್ಮ ಮನೆಗಳಲ್ಲಿ ಈಗ ಯಾರಿಗೆ ಯಾರ ಮೇಲಿದೆ?